ಸಾಹೇಬರು ಜಾರದಂತೆ

ಫೆಬ್ರವರಿ ೧೧

ನನ್ನ ಪಿಟೀಲು,

ಸಾಹೇಬರು ಇವತ್ತು ಮತ್ತೆ ಜಾರಿದರು ಮಗಳೇ. ಈ ಸಲ ಮೀಸೆ ಮೇಷ್ಟ್ರ ಹೆಗಲ ಮೇಲೆ. ಅವರ ಎಡ ಮೀಸೆ ಮುಗಿಸಿ ಬಲ ಮೀಸೆಗೆ ಬಗ್ಗಿದ್ದೆ. ಮಧ್ಯಾಹ್ನದ ಸೆಕೆ, ಫ್ಯಾನು ಇದ್ದೂ ಇಲ್ಲದ ಹಾಗೆ. ಅಂಚಿನಲ್ಲಿ ಬೆವರು ಇಳಿದದ್ದು ಗೊತ್ತಾಯಿತು, ಕೈಯಲ್ಲಿ ಕತ್ತರಿ ಇತ್ತು, ಅಷ್ಟರಲ್ಲಿ ಪಟ್ ಅಂತ ಬಿದ್ದೇಬಿಟ್ಟರು.

"ಏನೋ ಬಿತ್ತಲ್ಲಾ?" ಅಂದರು ಮೇಷ್ಟ್ರು, ಕಣ್ಣು ಮುಚ್ಚಿಕೊಂಡೇ.

"ನೊರೆ ಸಾರ್. ಅಲ್ಲಾಡ್ಬೇಡಿ, ಮೀಸೆ ಸೊಟ್ಟ ಆದ್ರೆ ನನ್ನೇ ಬೈತೀರ."

ಒಂದು ಟವೆಲ್ಲಿನಲ್ಲಿ ಸಾಹೇಬರನ್ನು ಎತ್ತಿಕೊಂಡು, ಇನ್ನೊಂದನ್ನು ನನ್ನ ಮುಖಕ್ಕೆ ಒತ್ತಿಕೊಂಡು ಒಳಗೆ ಓಡಿದೆ. ಅಂಟು ಹಚ್ಚಿ ಬರುವಷ್ಟರಲ್ಲಿ ಮೇಷ್ಟ್ರು ಒಂದೂವರೆ ಮೀಸೆಯಲ್ಲೇ ನಿದ್ದೆ ಹೋಗಿದ್ದರು. ಪುಣ್ಯ.

ನಾನು ನಗುತ್ತಾ ಬರೆಯುತ್ತಿದ್ದೇನೆ ಅಂದುಕೊಳ್ಳಬೇಡ. ಕಳೆದ ವರ್ಷ ಡಾಕ್ಟರು ಗಡ್ಡೆಯ ಜೊತೆಗೆ ಮೂಗನ್ನೂ ಕೊಯ್ದು ತೆಗೆದಾಗ ನಾನು ಅತ್ತವನಲ್ಲ. ಮೂಗು ಮಾಡುವ ಮೇಡಂ ಈ ಸಿಲಿಕೋನ್ ಮೂಗನ್ನು ಕೂರಿಸಿ ಕನ್ನಡಿ ಹಿಡಿದರಲ್ಲ, ಆಗ ಅತ್ತೆ. ನನ್ನ ಸ್ವಂತ ಮೂಗಿಗಿಂತ ಗತ್ತಾಗಿತ್ತು, ಅದಕ್ಕೇ ಸಾಹೇಬರು ಎಂದು ಹೆಸರಿಟ್ಟದ್ದು. ಆದರೆ ಗತ್ತಿದ್ದರೆ ಸಾಲದು, ಕೂತಲ್ಲಿ ಕೂರಬೇಕು. ನನ್ನದು ಇನ್ನೊಬ್ಬರ ಮುಖಕ್ಕೆ ಮುಖ ತಾಗುವಷ್ಟು ಹತ್ತಿರ ನಿಂತು ಮಾಡುವ ಕೆಲಸ. ಎದುರಿಗೆ ಗೋಡೆಯಗಲ ಕನ್ನಡಿ. ಸಾಹೇಬರಿಲ್ಲದೆ ನಾನು ಆ ಕನ್ನಡಿಯ ಮುಂದೆ ನಿಲ್ಲುವುದಿಲ್ಲ, ಅಂಗಡಿಯ ಬಾಗಿಲು ಎಳೆದುಬಿಡುತ್ತೇನೆ. ಇದು ಬೆದರಿಕೆಯಲ್ಲ.

ಮೈಗೆ ಹಿತವಾದ ಅಂಟು ಮಾಡುವುದೇ ನಿನ್ನ ಕೆಲಸ. ಊರವರ ಮೈಗೆ ಏನೇನೋ ಅಂಟಿಸುತ್ತೀಯ, ಅಪ್ಪನ ಒಂದು ಮೂಗು ನಿಲ್ಲಿಸಲಾರೆಯಾ?

ಫೋನ್ ಮಾಡು ಅಂತೀಯ. ಫೋನಿನಲ್ಲಿ ನನ್ನ ದನಿ ಖಾಲಿ ಕೊಡದೊಳಗಿಂದ ಬಂದ ಹಾಗೆ ಕೇಳುತ್ತದೆ, ನನಗೇ ಹೆದರಿಕೆ. ಕಾಗದವೇ ವಾಸಿ.

ನಿನ್ನ ಅಪ್ಪ

*

ಫೆಬ್ರವರಿ ೨೦

ಅಪ್ಪಾ,

ನಿನ್ನ ಕಾಗದ ಓದಿ ಮೊದಲು ನಕ್ಕೆ, ಆಮೇಲೆ ಕೂರಲಾಗಲಿಲ್ಲ. ಪ್ರಯೋಗಶಾಲೆಯಲ್ಲಿ ಒಲೆಯಿಂದ ಕಿಟಕಿಗೆ, ಕಿಟಕಿಯಿಂದ ಒಲೆಗೆ ಓಡಾಡುತ್ತಿದ್ದರೆ ನಮ್ಮ ಮೇಲಿನವರು, "ಏನಮ್ಮಾ, ನಿನ್ನ ಕಾಲಿಗೊಂದಿಷ್ಟು ಅಂಟು ಹಚ್ಚಲಾ?" ಅಂದರು.

ಹೊಸ ಅಂಟು ಕಳಿಸಿದ್ದೇನೆ, ಬೆವರಿಗೆ ಹೆಚ್ಚು ತಡೆಯುತ್ತದೆ. ನನ್ನ ಎಡಗೈ ಮೇಲೆ ಚೌಕ ಚೌಕವಾಗಿ ಹಚ್ಚಿಕೊಂಡು ಓಡಾಡಿದ್ದೇನೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಏನೋ ಚರ್ಮರೋಗ ಎಂದು ಎದ್ದುಹೋದರು, ಹಾಗಾಗಿ ಜಾಗವೂ ಆರಾಮವಾಗಿ ಸಿಗುತ್ತಿದೆ.

ಬಿಡಿಸುವ ದ್ರವವೂ ಇದೆ. ಸಾಹೇಬರನ್ನು ಯಾವತ್ತೂ ಕೀಳಬೇಡ. ಅಂಚಿಗೆ ದ್ರವ ಮುಟ್ಟಿಸಿ ಕಾಯಬೇಕು, ತಾನಾಗಿಯೇ ಬಿಟ್ಟುಕೊಡುತ್ತದೆ. ಜೊತೆಗೆ ತೂತುಗಳಿರುವ ಒಂದು ಡಬ್ಬಿ ಇಟ್ಟಿದ್ದೇನೆ. ಮಲಗುವ ಮುಂಚೆ ತೆಗೆದು, ತೊಳೆದು, ಅದರಲ್ಲಿಡು. ಗಡ್ಡೆಗೆಂದು ಆಸ್ಪತ್ರೆಯಲ್ಲಿ ಕಿರಣ ಹಾಯಿಸಿದ ಚರ್ಮ ಅಪ್ಪಾ ಅದು, ರಾತ್ರಿಯಾದರೂ ಅದಕ್ಕೆ ಗಾಳಿ ಬೇಕು.

ದಿನಾ ಅಂಟು ಹಚ್ಚುವ ಮುಂಚೆ ಏನೇನು ಮಾಡುತ್ತೀಯ, ಬಿಡಿಸಿ ಬರೆ. ಅಮ್ಮ ಹೇಗಿದ್ದಾಳೆ? ಅವಳ ಬಗ್ಗೆ ಒಂದು ಸಾಲೂ ಬರೆಯುವುದಿಲ್ಲ ನೀನು. ನಾನೊಮ್ಮೆ ಬಂದುಹೋಗಲಾ?

ನಿನ್ನ ಪಿಟೀಲು

*

ಮಾರ್ಚ್ ೬

ಪಿಟೀಲು,

ಬರಬೇಡ. ಸಾಹೇಬರ ಅಂಚು ತಾಗುವಲ್ಲಿ ಚರ್ಮ ಕೆಂಪಾಗಿದೆ, ಅದು ಸ್ವಲ್ಪ ಇಳಿಯಲಿ, ಆಮೇಲೆ ಬಾ.

ಏನು ಮಾಡುತ್ತೀಯ ಎಂದು ಕೇಳಿದ್ದೀಯ. ಮುಖ ನೋಡಿಕೊಳ್ಳುವುದನ್ನು ನನಗೆ ಹೇಳಿಕೊಡಬೇಕೇ? ಸೋಪು ಹಾಕಿ ತೊಳೆಯುತ್ತೇನೆ. ಅಂಗಡಿಯಲ್ಲಿ ಬ್ಲೇಡಿಗೆ ಬಳಸುವ ಸ್ಪಿರಿಟ್ಟಿನಿಂದ ಒರೆಸುತ್ತೇನೆ. ಆಮೇಲೆ, ಶೇವಿಂಗ್ ಆದ ಮೇಲೆ ಗಿರಾಕಿಗಳ ಗಲ್ಲಕ್ಕೆ ಉಜ್ಜುತ್ತೇನಲ್ಲ, ಅದೇ ಪಟಿಕದ ಕಲ್ಲನ್ನು ನಾಲ್ಕು ಸುತ್ತು ಉಜ್ಜುತ್ತೇನೆ. ಚರ್ಮ ಬಿಗಿಯಾಗುತ್ತದೆ, ಗಾಯವಿದ್ದರೆ ಕೂಡಿಕೊಳ್ಳುತ್ತದೆ. ಉರಿಯುತ್ತದೆ, ಕಣ್ಣಲ್ಲಿ ನೀರು ಬರುತ್ತದೆ. ಉರಿದರೆ ತಾನೇ ಕೆಲಸ ಮಾಡುತ್ತಿದೆ ಅಂತ.

ಡಬ್ಬಿ ಚೆನ್ನಾಗಿದೆ.

ಅಮ್ಮ ಬೈಂಡಿಂಗ್ ಅಂಗಡಿಗೆ ಹೋಗಿಬರುತ್ತಿದ್ದಾಳೆ. ಈಗ ಶಾಲೆ ಪುಸ್ತಕಗಳ ಕಾಲ, ಮೈತುಂಬ ಅಂಟು ಮೆತ್ತಿಕೊಂಡು ಬರುತ್ತಾಳೆ. ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ನನಗೆ ಆ ಅನುಕೂಲವೂ ಇಲ್ಲದೆ ಹೋಯಿತು.

ನಿನ್ನ ಅಪ್ಪ

*

ಮಾರ್ಚ್ ೧೨

ಅಪ್ಪಾ,

ಆ ಪಟಿಕದ ಕಲ್ಲನ್ನು ಈಗಿಂದೀಗ ಎತ್ತಿ ಗಿರಾಕಿಗಳ ಕಡೆಯೇ ಇಡು. ಸ್ಪಿರಿಟ್ಟನ್ನೂ. ನೀನು ಉಜ್ಜುತ್ತಿರುವುದು ಗಟ್ಟಿಮುಟ್ಟಾದ ಗಲ್ಲಕ್ಕಲ್ಲ, ಕಿರಣದಲ್ಲಿ ಬೆಂದ ಚರ್ಮಕ್ಕೆ. ಅದನ್ನು ಒಣಗಿಸಿ, ಬಿರಿಸಿ, ಅದರ ಮೇಲೆ ನನ್ನ ಅಂಟು ಹಚ್ಚಿ, ಆಮೇಲೆ ನನ್ನ ಅಂಟಿಗೆ ಬೈಯುತ್ತೀಯ! ಮೆದು ಸೋಪು, ನೀರು, ಒತ್ತಿ ಒರೆಸಿದ ಮೆತ್ತನೆ ಬಟ್ಟೆ. ಅಷ್ಟೇ.

ಉರಿದರೆ ಕೆಲಸ ಮಾಡುತ್ತಿದೆ ಅಂತೆ. ನಿನ್ನ ಗಿರಾಕಿಗಳ ಗತಿ ನೆನೆಸಿಕೊಂಡರೆ ಅಯ್ಯೋ ಅನ್ನಿಸುತ್ತದೆ.

ಡಬ್ಬಿ ಚೆನ್ನಾಗಿದೆ ಎಂದು ಬರೆದೆ. ಅದರೊಳಗೆ ಸಾಹೇಬರನ್ನು ಇಡುತ್ತಿದ್ದೀಯೋ ಇಲ್ಲವೋ ಬರೆಯಲಿಲ್ಲ.

ನಿನ್ನ ಪಿಟೀಲು

*

ಏಪ್ರಿಲ್ ೧೯

ಪಿಟೀಲು,

ಇಷ್ಟು ದಿನ ಬರೆಯದೆ ಇದ್ದದ್ದು ಸಿಟ್ಟಿನಿಂದ. ಇವತ್ತು ಬರೆಯುತ್ತಿರುವುದೂ ಸಿಟ್ಟಿನಿಂದಲೇ.

ನೀನು ಹೇಳಿದ ಹಾಗೆ ಪಟಿಕ ಬಿಟ್ಟೆ, ಸ್ಪಿರಿಟ್ ಬಿಟ್ಟೆ. ಒಂದು ವಾರ ಸುಖವಾಗಿತ್ತು. ಸೆಕೆ ಏರಿದ ಹಾಗೆ ಮತ್ತೆ ಶುರುವಾಯಿತು, ಮೊದಲಿಗಿಂತ ಜೋರಾಗಿ. ನಿನ್ನ ಅಂಟಿನ ಗುಣವೇ ನನಗೆ ಅರ್ಥವಾಗುತ್ತಿಲ್ಲ. ಬೆಳಿಗ್ಗೆ ತೆಗೆಯೋಣ ಅಂದರೆ ದ್ರವ ಎಷ್ಟು ಹಚ್ಚಿದರೂ ಬಿಡುವುದಿಲ್ಲ, ಎಳೆದರೆ ಚರ್ಮವೇ ಕಿತ್ತು ಬಂದಂತಾಗುತ್ತದೆ. ತೊಳೆದು ಹೊಸದಾಗಿ ಹಚ್ಚಿ ಅಂಗಡಿಗೆ ಹೋದರೆ ಮಧ್ಯಾಹ್ನಕ್ಕೆ ಜಾರುತ್ತಾರೆ. ಬೇಡವಾದಾಗ ಬಿಡುವುದಿಲ್ಲ, ಬೇಕಾದಾಗ ನಿಲ್ಲುವುದಿಲ್ಲ. ಇಂಥ ಅಂಟು ಮಾಡುವುದಕ್ಕೆ ನಿನ್ನನ್ನು ಅಷ್ಟು ಓದಿಸಬೇಕಿತ್ತಾ?

ಡಾಕ್ಟರು ನೋಡಿದರು. ಬಲಗಡೆ ಅಂಚಿನಲ್ಲಿ ಚರ್ಮ ಒಡೆಯುವ ಹಾಗಿದೆಯಂತೆ. "ಒಡೆದ್ರೆ ಆರೋದು ಕಷ್ಟ. ಜೂನ್ ಕೊನೆಗೆ ಬನ್ನಿ, ಆಗ್ಲೂ ಹೀಗೇ ಇದ್ರೆ ಅಂಟು ಬಂದ್. ಬಟ್ಟೆ ಕಟ್ಕೊಂಡಿರಬೇಕಾಗುತ್ತೆ," ಎಂದರು. ಮೂಳೆಗೆ ತಿರುಪು ಹಾಕಿ ಮೂಗು ಕೂರಿಸೋಣ ಅಂದರೆ ಅದಕ್ಕೂ ಕಿರಣ ಬಿದ್ದಿದೆ, ಹಿಡಿಯುವುದಿಲ್ಲವಂತೆ. ಬಟ್ಟೆ ಕಟ್ಟಿಕೊಂಡು ಕತ್ತರಿ ಹಿಡಿದರೆ ಗಿರಾಕಿಗಳು ದರೋಡೆಗೆ ಬಂದವನು ಅಂದುಕೊಳ್ಳುತ್ತಾರೆ. ನಾನು ಹೋಗುವುದಿಲ್ಲ. ಮನೆಯಲ್ಲೂ ಹಾಗೆ ಕೂರಲಾರೆ. ಇಷ್ಟೇ ನನ್ನ ಮಾತು.

ಮೇಡಂ ಎರಡನೇ ಮೂಗು ಮಾಡಿಕೊಟ್ಟಿದ್ದಾರೆ. ಹಳೆ ಸಾಹೇಬರನ್ನು ನಿನಗೆ ಕಳಿಸುತ್ತಿದ್ದೇನೆ. ಅಂಚೆ ಕಚೇರಿಯವನು, "ಒಳಗೇನಿದೆ?" ಅಂದ. "ಮೂಗು," ಅಂದೆ. "ಒಡೆಯೋ ವಸ್ತುನಾ?" ಅಂದ. ಏನು ಹೇಳಲಿ ಇಂಥವರಿಗೆ. ಅವರ ಅಂಚು ನೋಡಿ ನಿನ್ನ ಅಂಟು ಏನು ಮಾಡಿದೆ ಎಂದು ನೀನೇ ತಿಳಿದುಕೋ.

ನಿನ್ನ ಅಪ್ಪ

*

ಏಪ್ರಿಲ್ ೨೮

ಅಪ್ಪಾ,

ನಿನ್ನ ಕಾಗದ ಬಂದ ದಿನವೇ ಈ ಅಂಟು ಯಾರಿಗೂ ಹೋಗಕೂಡದು ಎಂದು ನಿಲ್ಲಿಸಿದೆ. ಕಿವಿ ಇಲ್ಲದವರು, ಕಣ್ಣು ತೆಗೆಸಿಕೊಂಡವರು ಕಾಯುತ್ತಿದ್ದಾರೆ. ನನ್ನ ಅಪ್ಪನ ಚರ್ಮ ಸುಡುವ ಅಂಟನ್ನು ಅವರಿಗೆ ಹೇಗೆ ಕೊಡಲಿ? ಊಟ ಸೇರಲಿಲ್ಲ. ಬಸ್ ನಿಲ್ದಾಣದವರೆಗೆ ಹೋಗಿ ಟಿಕೆಟ್ಟಿನ ಸಾಲಿನಲ್ಲಿ ನಿಂತು, ಬರಬೇಡ ಅಂದಿದ್ದೀಯಲ್ಲ ಎಂದು ವಾಪಸು ಬಂದೆ.

ಆಮೇಲೆ ಸಾಹೇಬರು ಬಂದರು. ಭೂತಗನ್ನಡಿಯ ಕೆಳಗೆ ಅಂಚು ನೋಡಿದೆ. ನನ್ನ ಅಂಟಿನ ಮೇಲೆ ಇನ್ನೇನೋ ಪದರ ಪದರವಾಗಿ ಕೂತಿದೆ. ನನ್ನ ದ್ರವಕ್ಕೆ ಜಪ್ಪಯ್ಯ ಅನ್ನಲಿಲ್ಲ. ಬೆಚ್ಚನೆ ನೀರಿನಲ್ಲಿ ನೆನೆಸಿದೆ, ಆ ಪದರ ಹಾಲಿನ ಹಾಗೆ ಬೆಳ್ಳಗಾಯಿತು. ಅದು ನನ್ನದಲ್ಲ ಅಪ್ಪಾ. ನನ್ನ ಅಂಟು ನೀರಿಗೆ ಬೆಳ್ಳಗಾಗುವುದಿಲ್ಲ. ಬಲಗಡೆಯೇ ಅದು ದಪ್ಪವಾಗಿದೆ, ನಿನ್ನ ಚರ್ಮ ಕೆಂಪಾಗಿರುವುದೂ ಬಲಗಡೆಯೇ. ಅದಕ್ಕೇ ಬೆಳಿಗ್ಗೆ ಬಿಡುವುದಿಲ್ಲ. ಅದಕ್ಕೇ ಬೆವರು ತಾಗಿ ಮೆತ್ತಗಾಗಿ ಮಧ್ಯಾಹ್ನ ಜಾರುತ್ತದೆ.

ಏನು ಹಚ್ಚಿದೆ? ನಿಜ ಹೇಳು, ಬೈಯುವುದಿಲ್ಲ.

ಇನ್ನೊಂದು. ಬೆಳಿಗ್ಗೆ ತೆಗೆಯುವುದು ಎಂದರೇನು? ಮಲಗುವ ಮುಂಚೆಯೇ ತೆಗೆದಿರಬೇಕಿತ್ತಲ್ಲ?

ನಿನ್ನ ಪಿಟೀಲು

*

ಮೇ ೪

ನಿನ್ನ ಟ್ಯೂಬಿನದು ಬಿಟ್ಟು ಬೇರೆ ಏನನ್ನೂ ನಾನು ಹಚ್ಚಿಲ್ಲ. ನನಗೇನು ತಲೆ ಕೆಟ್ಟಿದೆಯೇ? ಪಟಿಕ ಹಚ್ಚಿದಾಗ ಹಚ್ಚಿದೆ ಎಂದು ನಾನೇ ಬರೆಯಲಿಲ್ಲವೇ? ಸ್ವಂತ ಮಗಳು ನನ್ನನ್ನು ಸುಳ್ಳುಗಾರ ಅನ್ನುವ ಹಾಗಾಯಿತಲ್ಲ.

ಯಾವಾಗ ತೆಗೆಯುತ್ತೇನೆ ಅನ್ನುವುದು ನನಗೆ ಬಿಟ್ಟದ್ದು. ಅದರಲ್ಲಿ ನೀನು ಮೂಗು ತೂರಿಸಬೇಡ.

ಅಪ್ಪ

*

ಮೇ ೯

ಅಮ್ಮಾ,

ಈ ಕಾಗದವನ್ನು ನಿನ್ನ ಬೈಂಡಿಂಗ್ ಅಂಗಡಿಗೆ ಹಾಕುತ್ತಿದ್ದೇನೆ. ಅಪ್ಪನಿಗೆ ತೋರಿಸಬೇಡ.

ಸಾಹೇಬರ ಅಂಚಿನಲ್ಲಿ ಏನೋ ಬಿಳಿ ಅಂಟಿದೆ, ಬಲಗಡೆ ಜಾಸ್ತಿ, ಅಪ್ಪನ ಚರ್ಮ ಕೆಂಪಾಗಿರುವುದು ಅದರಿಂದಲೇ. ಅಪ್ಪ ತಾನು ಹಚ್ಚಿಲ್ಲ ಅಂತಾನೆ. ಅವನ ಮಾತು ನಿಜವೇ ಇರಬೇಕು, ಸುಳ್ಳು ಹೇಳುವಾಗ ಅವನು ಇಷ್ಟು ಕೂಗಾಡುವುದಿಲ್ಲ, ಜೋಕು ಹೊಡೆಯುತ್ತಾನೆ. ನಿನ್ನೆ ಆ ಪದರವನ್ನು ಉಗುರಿನಿಂದ ಎಬ್ಬಿಸಿ ಮೂಸಿದೆ. ಮೂಸಿದವಳು ಅಲ್ಲೇ ಕುರ್ಚಿಯ ಮೇಲೆ ಕೂತುಬಿಟ್ಟೆ. ಚಿಕ್ಕವಳಿದ್ದಾಗ ಸಂಜೆ ನೀನು ಬರುವುದನ್ನೇ ಕಾಯುತ್ತಿದ್ದೆ, ನಿನ್ನ ಬೆರಳಿನ ಮೇಲೆ ಒಣಗಿದ ಅಂಟನ್ನು ಸಿಪ್ಪೆಯ ಹಾಗೆ ಸುಲಿಯುವುದಕ್ಕೆ. ಅದೇ ವಾಸನೆ. ಪುಸ್ತಕದ ಬೆನ್ನಿಗೆ ಹಚ್ಚುವ ಅಂಟು.

ಅಮ್ಮಾ, ಇದು ಸಾಹೇಬರ ಅಂಚಿಗೆ ಹೇಗೆ ಬಂತು?

ನಿನ್ನ ಮಗಳು

*

ಮೇ ೧೫

ಮಗಳೇ,

ನಾನೇ ಅಂಟಿಸಿದ್ದು. ಮತ್ತೇನು ಮಾಡಬೇಕಿತ್ತು?

ನೀನು ಡಬ್ಬಿ ಕಳಿಸಿದೆ. ನಿಮ್ಮಪ್ಪ ಅದರಲ್ಲಿ ಅಂಗಿಯ ಗುಂಡಿಗಳನ್ನು ಹಾಕಿಟ್ಟಿದ್ದಾರೆ. ರಾತ್ರಿ ಮೂಗು ಹಾಕಿಕೊಂಡೇ ಮಲಗುತ್ತಾರೆ, ಗೋಡೆಯ ಕಡೆ ಮುಖ ಮಾಡಿ. ಬೆಳಿಗ್ಗೆ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ತೊಳೆದು ಬರುತ್ತಾರೆ. ಆಸ್ಪತ್ರೆಯಲ್ಲೂ ಬ್ಯಾಂಡೇಜು ಬಿಚ್ಚುವಾಗ ನನ್ನನ್ನು ಹೊರಗೆ ಕಳಿಸುತ್ತಿದ್ದರು. ನಾನು ಯಾವತ್ತೂ ಕೇಳಲಿಲ್ಲ.

ಚಳಿ ಕಳೆದು ಸೆಕೆ ಶುರುವಾದಾಗ ಒಂದು ದಿನ ಎದ್ದು ನೋಡುತ್ತೇನೆ, ಮೂಗು ದಿಂಬಿನ ಮೇಲಿದೆ. ಅವರು ಅಂಗಾತ ಮಲಗಿ ಬಾಯಿ ಬಿಟ್ಟುಕೊಂಡು ನಿದ್ದೆ ಮಾಡುತ್ತಿದ್ದಾರೆ. ಆಗ ನೋಡಿದೆ. ಚೆನ್ನಾಗಿ ನೋಡಿದೆ. ಎದೆ ಧಸಕ್ಕೆಂದಿತು, ಸುಳ್ಳು ಯಾಕೆ ಹೇಳಲಿ. ಆಮೇಲೆ ಪಕ್ಕದಲ್ಲೇ ಕೂತು ನೋಡುತ್ತಾ ಇದ್ದರೆ ನಮ್ಮ ಮನೆಯವರೇ. ಅದೇ ಹುಬ್ಬು, ಅದೇ ಗೊರಕೆ. ಆದರೆ ಎದ್ದ ಮೇಲೆ ಅದು ಬಿದ್ದದ್ದು ಗೊತ್ತಾದರೆ, ನಾನು ನೋಡಿದ್ದು ಗೊತ್ತಾದರೆ, ಅವತ್ತು ಅವರು ಅಂಗಡಿಗೆ ಹೋಗುವುದಿಲ್ಲ. ಮಾರನೇ ದಿನವೂ ಹೋಗುವುದಿಲ್ಲ. ನನಗೆ ಗೊತ್ತು. ಅದಕ್ಕೇ ಮೆಲ್ಲಗೆ ಅಂಟಿಸಿಬಿಟ್ಟೆ.

ನಿನ್ನ ಟ್ಯೂಬು ಮುಟ್ಟುವ ಹಾಗಿಲ್ಲ, ಅವರು ಅದನ್ನು ತಲೆಯಡಿಗೆ ಇಟ್ಟುಕೊಂಡು ಮಲಗುತ್ತಾರೆ, ಎಷ್ಟು ಉಳಿದಿದೆ ಎಂದು ದಿನಾ ಬೆಳಕಿಗೆ ಹಿಡಿದು ನೋಡುತ್ತಾರೆ. ನಮ್ಮ ಬೈಂಡಿಂಗ್ ಅಂಗಡಿಯದನ್ನೇ ಒಂದು ಡಬ್ಬಿಯಲ್ಲಿ ತಂದಿಟ್ಟುಕೊಂಡೆ. ಅಷ್ಟು ದಪ್ಪ ಪುಸ್ತಕಗಳನ್ನು ಹಿಡಿದಿಡುತ್ತದೆ, ಒಂದು ಮೂಗನ್ನು ಹಿಡಿಯುವುದಿಲ್ಲವೇ ಎಂದುಕೊಂಡೆ. ಆಮೇಲೆ ಅದೇ ರೂಢಿಯಾಯಿತು. ಬಿದ್ದಾಗಲೆಲ್ಲ ಅವರು ಏಳುವುದರೊಳಗೆ ಅಂಟಿಸಿ ಒಲೆ ಮುಂದೆ ಹೋಗಿ ನಿಲ್ಲುತ್ತಿದ್ದೆ. ಬಲಗಡೆ ಜಾಸ್ತಿ ಆಗಿದ್ದರೆ, ನಾನು ಆ ಕಡೆ ಮಲಗುವುದು.

ಅವರ ಕೆಂಪು ನನ್ನಿಂದ ಅಂತ ಈಗ ಗೊತ್ತಾಯಿತು. ಕಾಗದ ಓದಿ ಬೆನ್ನು ತಿರುಗಿಸಿಕೊಂಡು ಅತ್ತೆ, ಅಂಗಡಿಯ ಯಜಮಾನರು ಅಂಟಿನ ಘಾಟು ಅಂದುಕೊಂಡರು. ಆ ಅಂಟಿನ ಡಬ್ಬಿಯನ್ನು ಎಸೆದಿದ್ದೇನೆ, ಇನ್ನು ಮುಟ್ಟುವುದಿಲ್ಲ. ಆದರೆ ನಾಳೆ ಬಿದ್ದರೆ ಏನು ಮಾಡಲಿ ಹೇಳು. ನಾನು ನೋಡಿದ್ದೇನೆ ಎಂದು ಮಾತ್ರ ಅವರಿಗೆ ಹೇಳಬೇಡ. ನಿನ್ನ ಕೈ ಹಿಡಿದು ಕೇಳುತ್ತೇನೆ.

ಅಮ್ಮ

*

ಮೇ ೨೨

ಅಪ್ಪಾ,

ನಿನ್ನನ್ನು ಅನುಮಾನಿಸಿದ್ದು ತಪ್ಪು. ನೀನು ಏನನ್ನೂ ಹಚ್ಚಿಲ್ಲ, ನಂಬಿದೆ. ಆ ಬಿಳಿ ಎಲ್ಲಿಂದ ಬಂತು ಎಂದು ಕೇಳಬೇಡ, ಇನ್ನು ಬರುವುದಿಲ್ಲ. ಹೊಸ ಸಾಹೇಬರ ಅಂಚನ್ನು ಬೆಚ್ಚನೆ ನೀರಿನಲ್ಲಿ ನೆನೆಸಿ, ಬೆಳ್ಳಗಾದದ್ದನ್ನೆಲ್ಲ ಮೆಲ್ಲಗೆ ಉಜ್ಜಿ ತೆಗೆ.

ಇನ್ನೊಂದು ಮಾತು, ಇದಕ್ಕೆ ನೀನು ಎಷ್ಟು ಬೇಕಾದರೂ ಬೈ. ನೀನು ಸಾಹೇಬರನ್ನು ಹಾಕಿಕೊಂಡೇ ಮಲಗುತ್ತೀಯ. ಯಾಕೆ ಎಂದೂ ನನಗೆ ಗೊತ್ತು. ಜಗತ್ತಿನ ಯಾವ ಅಂಟೂ ಇದಕ್ಕೆ ಒಗ್ಗುವುದಿಲ್ಲ ಅಪ್ಪಾ, ನಾನು ಇನ್ನೂ ಎಷ್ಟು ಸಲ ಕುದಿಸಿ ಸೋಸಿದರೂ ಒಗ್ಗುವುದಿಲ್ಲ. ಹಗಲಿಡೀ ಹಿಡಿದ ಅಂಟು ಸಂಜೆಗೆ ಸೋಲುತ್ತದೆ. ಸೋಲಲೆಂದೇ ಅದನ್ನು ಮಾಡಿದ್ದೇವೆ, ಇಲ್ಲದಿದ್ದರೆ ಅದು ಚರ್ಮಕ್ಕೆ ಹಿತವಾಗುವುದಿಲ್ಲ. ನೀನು ಅಮ್ಮನ ಮುಂದೆ ಅದನ್ನು ತೆಗೆದು ಡಬ್ಬಿಯಲ್ಲಿ ಇಡದಿದ್ದರೆ ಜೂನ್ ಕೊನೆಗೆ ಸಾಹೇಬರೂ ಇಲ್ಲ, ಅಂಗಡಿಯೂ ಇಲ್ಲ.

ಗಿರಾಕಿಗಳ ಗದ್ದ ಹಿಡಿದು ಬೆಳಕಿಗೆ ತಿರುಗಿಸುತ್ತೀಯಲ್ಲ, ಅವರು ತುಟಿಪಿಟಕ್ಕೆನ್ನದೆ ಕೂರುತ್ತಾರೆ. ಒಂದು ದಿನ ನೀನೂ ಹಾಗೆ ಕೂತು ನೋಡು.

ನಿನ್ನ ಪಿಟೀಲು

*

ಜೂನ್ ೨

ಆಗುವುದಿಲ್ಲ.

ಅವಳು ಮದುವೆಯಾದದ್ದು ಈ ಮುಖವನ್ನಲ್ಲ. ಅವಳು ಒಂದು ಸಲ ಹೆದರಿ ಮುಖ ತಿರುಗಿಸಿದರೂ ಸಾಕು, ನಾನು ಆಮೇಲೆ ಆ ಮನೆಯಲ್ಲಿ ಹೇಗಿರಲಿ? ನಿನಗಿದು ಅರ್ಥವಾಗುವುದಿಲ್ಲ. ಅಂಟು ಕಳಿಸು, ಬುದ್ಧಿ ಕಳಿಸಬೇಡ.

ಅಪ್ಪ

*

ಜೂನ್ ೯

ಅಪ್ಪಾ,

ಅಂಟು ಕಳಿಸುವುದಿಲ್ಲ. ಡಬ್ಬಿಯಲ್ಲಿರುವ ಗುಂಡಿಗಳನ್ನು ಹೊರಗೆ ತೆಗೆದ ದಿನ ಬರೆ, ಅವತ್ತೇ ಕಳಿಸುತ್ತೇನೆ.

ನಿನ್ನ ಪಿಟೀಲು

*

ಜೂನ್ ೨೯

ನನ್ನ ಪಿಟೀಲು,

ಗುಂಡಿಗಳ ವಿಷಯ ನಿನಗೆ ಹೇಗೆ ಗೊತ್ತಾಯಿತು ಎಂದು ಎರಡು ದಿನ ತಲೆ ಕೆಡಿಸಿಕೊಂಡೆ. ಅದೂ ಕೊನೆಗೆ ತಿಳಿಯಿತು. ಹೇಳುತ್ತೇನೆ ಕೇಳು.

ಟ್ಯೂಬು ಖಾಲಿಯಾಗುತ್ತಾ ಬಂತು. ಹಿಂಡಿ, ಮಡಚಿ, ಕತ್ತರಿಯಿಂದ ಸೀಳಿ, ಒಳಗಿನದನ್ನೂ ಕೆರೆದೆ. ಅವತ್ತು ಸಂಜೆ ಅಂಗಡಿಯಿಂದ ಬಂದವನು ನಿಲ್ಲಲಾರದೆ, ಕೂರಲಾರದೆ ಮನೆಯೊಳಗೇ ಸುತ್ತಿದೆ. ಅಮ್ಮ ಬಟ್ಟೆ ಮಡಚುತ್ತಿದ್ದಳು. "ಏನದು, ಗಾಣದ ಎತ್ತಿನ ಹಾಗೆ ತಿರುಗ್ತಿದೀರ? ಕೂತ್ಕೊಳ್ಳಿ ಒಂದ್ಕಡೆ," ಎಂದಳು. ಕೂತೆ. ದೀಪ ಹೊತ್ತಿತ್ತು. ಅಂಚಿಗೆ ದ್ರವ ಮುಟ್ಟಿಸಿದೆ. ಅವಳು ಮಡಚುವುದನ್ನು ನಿಲ್ಲಿಸಿದ್ದು ಗೊತ್ತಾಯಿತು. ನಾನು ಕಣ್ಣು ಮುಚ್ಚಿಕೊಂಡು ಕಾದೆ. ಸಾಹೇಬರು ಅಂಗೈಗೆ ಬಂದರು. ನಾನು ಕಣ್ಣು ಬಿಡಲಿಲ್ಲ.

ಅವಳು ಹತ್ತಿರ ಬಂದಳು. ನನ್ನ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದಳು. ಆ ಕಡೆ, ಈ ಕಡೆ. ಆಮೇಲೆ ಅಂದಳು, "ಪರ್ವಾಗಿಲ್ಲ. ಮೊನ್ನೆಗಿಂತ ಕೆಂಪು ಕಡಿಮೆ ಆಗಿದೆ."

ಕಣ್ಣು ಬಿಟ್ಟೆ. "ಮೊನ್ನೆ? ಯಾವ ಮೊನ್ನೆ?"

ನಾಲಿಗೆ ಕಚ್ಚಿಕೊಂಡಳು. ಆಮೇಲೆ ಸೊಂಟದ ಮೇಲೆ ಕೈ ಇಟ್ಟುಕೊಂಡು ನನ್ನ ಮೇಲೇ ಹಾರಿದಳು. "ಮತ್ತೆ? ಬಿದ್ದಾಗೆಲ್ಲ ಯಾರು ಎತ್ತಿ ಅಂಟಿಸ್ತಿದ್ರು ಅಂದ್ಕೊಂಡ್ರಿ? ನಿಮ್ಮ ಸಾಹೇಬರು ತಾವೇ ನಡ್ಕೊಂಡು ಬಂದು ಕೂತ್ಕೋತಿದ್ರಾ?"

ನನಗೆ ಮೈಯೆಲ್ಲಾ ಉರಿದುಹೋಯಿತು. ಹೊರಗೆ ಮೆಟ್ಟಿಲ ಮೇಲೆ ಹೋಗಿ ಕೂತೆ. ಇಷ್ಟು ತಿಂಗಳು ನಾನು ಗೋಡೆ ನೋಡಿಕೊಂಡು ಮಲಗಿದ್ದು, ಬಚ್ಚಲಿನ ಚಿಲಕ ಹಾಕಿಕೊಂಡದ್ದು, ಎಲ್ಲ ದಂಡ. ನನಗೆ ಗೊತ್ತಾಗಬಾರದೆಂದು ಅವಳು, ಅವಳಿಗೆ ಗೊತ್ತಾಗಬಾರದೆಂದು ನಾನು. ನಡುವೆ ಬೆಂದದ್ದು ನನ್ನ ಚರ್ಮ, ಬೈಸಿಕೊಂಡದ್ದು ನೀನು. ಸ್ವಲ್ಪ ಹೊತ್ತಿನ ಮೇಲೆ ಅವಳೂ ಬಂದು ಪಕ್ಕದಲ್ಲಿ ಕೂತಳು. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಮುಖದಲ್ಲಿ ಸಾಹೇಬರಿಲ್ಲ ಎನ್ನುವುದು ನನಗೆ ಆಗ ನೆನಪಾಯಿತು. ಎದ್ದು ಒಳಗೆ ಹೋಗೋಣ ಅಂದುಕೊಂಡೆ. ಅವಳು ನನ್ನ ಮೊಣಕಾಲಿನ ಮೇಲೆ ಕೈ ಇಟ್ಟಿದ್ದಳು, ಹಾಗಾಗಿ ಏಳಲಿಲ್ಲ.

ಮೊನ್ನೆ ಡಾಕ್ಟರು ನೋಡಿ, "ಏನ್ ಮಾಡಿದ್ರಿ?" ಎಂದರು. "ಗುಂಡಿಗಳಿಗೆ ಬೇರೆ ಡಬ್ಬಿ ಹುಡುಕಿದೆ," ಎಂದೆ. ಅವರಿಗೆ ಅರ್ಥವಾಗಲಿಲ್ಲ, ಆದರೆ ಅಂಟು ಬಂದ್ ಅನ್ನಲಿಲ್ಲ. ನೀನು ನಿಲ್ಲಿಸಿದ ಅಂಟನ್ನು ಮತ್ತೆ ಶುರು ಮಾಡು, ಕಾಯುವವರಿಗೆ ಕಳಿಸು. ತಪ್ಪು ಅದರದಲ್ಲ.

ಈಗ ಬೆಳಿಗ್ಗೆ ಸಾಹೇಬರನ್ನು ಕೂರಿಸುವುದು ಅವಳೇ. ನನ್ನ ಕೈ ಸೊಟ್ಟವಂತೆ, ತನಗೆ ಒಳ್ಳೆ ಅಭ್ಯಾಸವಾಗಿದೆಯಂತೆ. ಸದ್ಯಕ್ಕೆಂದು ಮೇಡಂ ಕೊಟ್ಟ ಪುಟ್ಟ ಟ್ಯೂಬನ್ನೂ ಪುಸ್ತಕಕ್ಕೆ ಬಳಿದ ಹಾಗೆ ಧಾರಾಳವಾಗಿ ಬಳಿಯುತ್ತಾಳೆ, ಹಾಗಾಗಿ ಟ್ಯೂಬು ಹೆಚ್ಚಿಗೆ ಕಳಿಸು. ಕಳಿಸುವುದೇನು, ನೀನೇ ತೆಗೆದುಕೊಂಡು ಬಾ. ಸಂಜೆಯ ಬಸ್ಸಿಗೆ ಬಂದರೆ ಆ ಹೊತ್ತಿಗೆ ಸಾಹೇಬರು ಡಬ್ಬಿಯಲ್ಲಿರುತ್ತಾರೆ. ಬಾಗಿಲು ನಾನೇ ತೆಗೆಯುತ್ತೇನೆ.

ನಿನ್ನ ಅಪ್ಪ